ವರದ ಒಕ್ಕಣೆ

ಚಿರಂಜೀವಿ ಮಗನಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ದೀಪದಿಂದ ಎದ್ದ ಭೂತ ಒಂದೇ ಒಂದು ವರ ಕೊಡುತ್ತೇನೆಂದರೆ ಮೋಸಹೋಗದಂತೆ ಹೇಗೆ ಕೇಳಬೇಕು ಅಂತ ಬರೆದಿದ್ದೀಯ. ತಮಾಷೆಗೆ ಕೇಳಿದೆಯೋ ಏನೋ, ಜೀವಮಾನವೆಲ್ಲ ಕರಾರು ಪತ್ರಗಳ ಒಕ್ಕಣೆ ತಿದ್ದಿದ ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

ಈ ಕಾಗದದ ಮೊದಲ ಪದವನ್ನೇ ನೋಡು. ಅಶ್ವತ್ಥಾಮನೂ ಚಿರಂಜೀವಿಯೇ. ಮೈಯಿಂದ ಕೀವು ರಕ್ತ ಸೋರುತ್ತ, ಮಾತಾಡಿಸುವವರಿಲ್ಲದೆ 3000 ವರ್ಷ ಅಲೆ ಎಂದು ಕೃಷ್ಣ ಕೊಟ್ಟದ್ದು ಶಾಪ. ಗ್ರೀಕರ ಕಥೆಯಲ್ಲಿ ಉಷೆಯ ದೇವತೆ ತನ್ನ ಪ್ರಿಯ ಟಿಥೋನಸ್‌ಗೆ ಸಾವು ಬಾರದಿರಲಿ ಎಂದು ಬೇಡಿದಳು, ಮುಪ್ಪಿನ ಮಾತು ಮರೆತಳು. ಅವನು ಸಾಯದೆ ಮುದುಡುತ್ತಲೇ ಹೋದ. ನಮ್ಮ ಹಿರಿಯರು ಜಾಣರು ಕಣೋ: ‘ಆಯುರಾರೋಗ್ಯ’ ಎಂದು ಎರಡನ್ನೂ ಸಂಧಿ ಮಾಡಿ ಹೊಲಿದುಬಿಟ್ಟರು.

ನೀನು ಕಳಿಸಿದ ಕರಡಿನಲ್ಲಿ ‘ಹೀಗಾಗಬಾರದು, ಹಾಗಾಗಬಾರದು’ ಅಂತ ಹನ್ನೊಂದು ಷರತ್ತಿವೆ. ಅದು ಹಿರಣ್ಯಕಶಿಪುವಿನ ದಾರಿ. ನರನಿಂದ ಬೇಡ, ಮೃಗದಿಂದ ಬೇಡ. ಹಗಲು ಬೇಡ, ಇರುಳು ಬೇಡ. ಒಳಗೆ ಬೇಡ, ಹೊರಗೆ ಬೇಡ. ಪಟ್ಟಿ ಬೆಳೆದಷ್ಟೂ ಸಂದುಗಳೂ ಬೆಳೆದವು. ಒಳಗು ಹೊರಗುಗಳ ನಡುವೆ ಹೊಸಿಲಿತ್ತು, ಹಗಲಿರುಳಿನ ನಡುವೆ ಮುಸ್ಸಂಜೆಯಿತ್ತು. ಭಸ್ಮಾಸುರನದು ಇದರ ತಿರುವುಮುರುವು. ‘ನನ್ನ ತಲೆಯೊಂದನ್ನು ಬಿಟ್ಟು’ ಎಂದಿದ್ದರೆ ಮೋಹಿನಿಗೆ ಕುಣಿಯುವ ಶ್ರಮ ತಪ್ಪುತ್ತಿತ್ತು. (ಉಚ್ಚಾರಣೆಯ ಮೇಲೂ ಗಮನವಿರಲಿ. ಇಂದ್ರಾಸನ ಕೇಳಹೋಗಿ ನಿದ್ರಾಸನ ಎಂದ ಕುಂಭಕರ್ಣನ ಕಥೆ ನಿನಗೆ ಗೊತ್ತು.)

ಒಕ್ಕಣೆ ಕಲಿಯುವುದಾದರೆ ಸಾವಿತ್ರಿಯಿಂದ ಕಲಿ. ‘ಸತ್ಯವಾನನ ಜೀವವೊಂದನ್ನು ಬಿಟ್ಟು ಏನಾದರೂ ಕೇಳು’ ಎಂದು ಯಮ ಬಾಗಿಲು ಹಾಕಿಯೇ ಮಾತಾಡಿದ್ದ. ಅವಳು ಮಾವನಿಗೆ ಕಣ್ಣು ಕೇಳಿದಳು, ಕಳೆದುಹೋದ ರಾಜ್ಯ ಕೇಳಿದಳು, ತನ್ನ ತಂದೆಗೆ ನೂರು ಗಂಡುಮಕ್ಕಳನ್ನು ಕೇಳಿದಳು. ನಾಲ್ಕನೆಯದಾಗಿ, ಸತ್ಯವಾನನಿಂದ ತನಗೆ ನೂರು ಮಕ್ಕಳು. ಯಮ ಒಪ್ಪಿಬಿಟ್ಟ! ಬೇಕಾದದ್ದನ್ನು ಬಾಯಿಬಿಟ್ಟು ಹೇಳದೆ, ಅದಿಲ್ಲದೆ ನಡೆಯಲಾರದ ಇನ್ನೊಂದನ್ನು ಕೇಳಿದ್ದಳು. ಐದನೆಯ ವರ ಕೊಡುವಾಗ ಯಮ ಹಳೆಯ ಷರತ್ತು ಹಾಕಲಿಲ್ಲ. ಅವಳು ಅದನ್ನು ಎತ್ತಿ ತೋರಿಸಿ ಗಂಡನ ಜೀವವನ್ನೇ ಕೇಳಿದಳು. ನಾನು ಕಂಡ ಎಷ್ಟೋ ವಕೀಲರಿಗೆ ಇಷ್ಟು ಕಿವಿಯಿಲ್ಲ.

ಭೂತ ಕೆಟ್ಟದ್ದೇ ಆಗಿರಬೇಕಿಲ್ಲ, ಪೆದ್ದಾಗಿದ್ದರೂ ಸಾಕು. 2016ರಲ್ಲಿ ದೋಣಿ ಪಂದ್ಯದ ಆಟವಾಡಲು ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಕಲಿಸಿದ್ದರು, ಅಂಕವೇ ಅದರ ಗುರಿ. ಅದು ಪಂದ್ಯ ಮುಗಿಸುವುದು ಬಿಟ್ಟು, ಅಂಕ ಸಿಗುವ ಕಡೆಯೇ ಸುತ್ತುತ್ತ ಉಳಿಯಿತು.

ಹಾಗಾಗಿ ಷರತ್ತುಗಳನ್ನೆಲ್ಲ ಹೊಡೆದುಹಾಕು. ಆ ವರ ಯಾತಕ್ಕೆ ಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆದು ಕಳಿಸು. ಭೂತದ ಕಡೆಯ ವಕೀಲನಾಗಿ ನಾನು ಓದಿ, ಎಲ್ಲೆಲ್ಲಿ ಹೊಸಿಲಿದೆ ಅಂತ ಗುರುತು ಹಾಕುತ್ತೇನೆ. ಅಲ್ಲಿಯವರೆಗೆ ದೀಪ ಉಜ್ಜಬೇಡ.

ಮೇಲಿನ ‘ಚಿರಂಜೀವಿ’ಯನ್ನು ಅಳಿಸಿಲ್ಲ. ಇದನ್ನೂ ಸೇರಿಸಿಕೊಂಡು ಓದು: ಆಯುರಾರೋಗ್ಯವಿರಲಿ.

ಇಂತಿ ನಿನ್ನ
ದೊಡ್ಡಪ್ಪ