ತಾಂಡೇಲರಿಗೊಂದು ನಮಸ್ಕಾರ, ಉಳಿದವರಿಗೂ

ಕಳೆದ ಶುಕ್ರವಾರ ಕೆನಡಾದ ಹ್ಯಾಲಿಫ್ಯಾಕ್ಸ್ ನಗರಸಭೆಯ ಯೋಜನಾ ವಿಭಾಗದಲ್ಲಿ ನನ್ನ ಕೊನೆಯ ದಿನ. ಗುರುತಿನ ಚೀಟಿ ವಾಪಸ್ ಕೊಟ್ಟೆ. ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಮೂರು ಪೆನ್ನು, ತುಕ್ಕು ಹಿಡಿದ ಒಂದು ಪೆಪ್ಪರಮೆಂಟ್ ಡಬ್ಬಿ, 1999ರ ಫೆರಿ ವೇಳಾಪಟ್ಟಿ ಸಿಕ್ಕವು. ವೇಳಾಪಟ್ಟಿ ಮಾತ್ರ ಮನೆಗೆ ತಂದೆ. ಅದು ಯಾರು ಕೊಟ್ಟಿದ್ದು ಅಂತ ಮುಂದೆ ಹೇಳುತ್ತೇನೆ.

ಊರು ಮುಂದೆ ಹೇಗೆ ಬೆಳೆಯಬೇಕು ಅನ್ನುವ ನಮ್ಮ ಪ್ರಾದೇಶಿಕ ಯೋಜನೆಯ ಕತೆ ನಿಮಗೆಲ್ಲ ಗೊತ್ತು. ನನ್ನ ಜೊತೆ ಊಟಕ್ಕೆ ಕೂತವರಂತೂ ಬೇಡ ಬೇಡ ಅಂದರೂ ಕೇಳಿಸಿಕೊಂಡಿದ್ದೀರಿ. 1996ರ ಏಪ್ರಿಲ್ 1ರಂದು ಹ್ಯಾಲಿಫ್ಯಾಕ್ಸ್, ಡಾರ್ಟ್‌ಮತ್, ಬೆಡ್‌ಫರ್ಡ್, ಸುತ್ತಲಿನ ಕೌಂಟಿ, ನಾಲ್ಕನ್ನೂ ಸೇರಿಸಿ ಒಂದೇ ಪ್ರಾದೇಶಿಕ ನಗರಸಭೆ ಮಾಡಿದರು. ಸುಮಾರು 5,500 ಚದರ ಕಿಲೋಮೀಟರ್, ನಮ್ಮ ಉಡುಪಿ ಜಿಲ್ಲೆಗಿಂತ ದೊಡ್ಡದು. ನಾಲ್ಕು ಒಲೆ ಆರಿಸಿ ಒಂದೇ ಒಲೆಯಲ್ಲಿ ಅಡುಗೆ ಮಾಡಿ ಅಂದ ಹಾಗೆ. ಒಂದೇ ಹೆಸರಿನ ಬೀದಿಗಳು ಎಷ್ಟೋ ಇದ್ದವು. ಆಂಬುಲೆನ್ಸ್ ದಾರಿ ತಪ್ಪಬಾರದು ಅಂತ ಹೆಸರು ಬದಲಿಸಲು ಹೊರಟರೆ, ಯಾರ ಬೀದಿಯ ಹೆಸರು ಹೋಗಬೇಕು ಅಂತ ಜಗಳ. ಡಾರ್ಟ್‌ಮತ್‌ನವರ ಸಿಟ್ಟು ಇನ್ನೂ ಜಾಸ್ತಿ. ವಿಲೀನ ಮಾಡಿದ ಪ್ರೀಮಿಯರ್ (ಪ್ರಾಂತ್ಯದ ಮುಖ್ಯಮಂತ್ರಿ) ಜಾನ್ ಸ್ಯಾವೇಜ್ ಅವರದೇ ಊರಿನ ಹಳೆಯ ಮೇಯರ್ ಆಗಿದ್ದವರು!

ನಾನು ಸೇರಿದ್ದು ಮೂರು ವರ್ಷ ಬಿಟ್ಟು. ಹಳೆಯ ಕಚೇರಿಗಳ ನಕ್ಷೆಗಳನ್ನು ಒಂದಕ್ಕೊಂದು ಹೊಂದಿಸುವುದು ನನ್ನ ಮೊದಲ ಕೆಲಸ. ಅಳತೆ ಬೇರೆ ಬೇರೆ, ಬಣ್ಣ ಬೇರೆ ಬೇರೆ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ರಸ್ತೆಗಳೆಲ್ಲ ನೀರಿನ ಅಂಚಿಗೆ ಬಂದು ನಿಲ್ಲುತ್ತಿದ್ದವು. ಬಂದರಿನ ಜಾಗದಲ್ಲಿ ನೀಲಿ ಬಣ್ಣ, ಅದರ ಮೇಲೆ ಗುರುತುಗಳ ಅರ್ಥ ಹೇಳುವ ಲೆಜೆಂಡ್ ಪೆಟ್ಟಿಗೆ, ಪಕ್ಕದಲ್ಲಿ ಉತ್ತರ ದಿಕ್ಕಿನ ಬಾಣ. ಖಾಲಿ ಜಾಗ ಅಲ್ವಾ, ಅಲ್ಲಿ ಹಾಕಿದ್ದಾರೆ. ನಾನೂ ಹಾಗೇ ಹಾಕುತ್ತಾ ಬಂದೆ. ಐದು ವರ್ಷ.

ಈಗ ತಾಂಡೇಲರ ವಿಷಯ. ಅದು ಅವರ ಹೆಸರಲ್ಲ. ಬಂದರಿನ ಆಚೆ ದಡದ ಡಾರ್ಟ್‌ಮತ್‌ನಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ, ಫೆರಿಯಲ್ಲಿ ದುಡಿದು ನಿವೃತ್ತರಾದವರು. ನಮ್ಮೂರು ಗಂಗೊಳ್ಳಿಯಲ್ಲಿ ದೋಣಿ ನಡೆಸುವ ಹಿರಿಯನಿಗೆ ತಾಂಡೇಲ ಅನ್ನುತ್ತೇವೆ, ಹಾಗಾಗಿ ನಾನಿಟ್ಟ ಹೆಸರು. ಈ ಬಂದರಿನಲ್ಲಿ ಫೆರಿ 1752ರಿಂದ ಓಡಾಡುತ್ತಿದೆ. ಮೊದಲ ರಸ್ತೆ ಸೇತುವೆ ಬಂದಿದ್ದು 1955ರಲ್ಲಿ, ಎರಡನೆಯದು 1970ರಲ್ಲಿ. "ಇನ್ನೂರು ವರ್ಷ ಊರನ್ನು ದಾಟಿಸಿದ್ದು ನಾವು. ಸೇತುವೆ ನಿನ್ನೆ ಮೊನ್ನೆಯ ಹುಡುಗ" ಅನ್ನುವುದು ಅವರ ಮಾತು. ನಾನು ಕೆಲಸಕ್ಕೆ ಸೇರಿದ ವಾರ ಬೇಲಿ ಹತ್ತಿರ ನಿಂತು ಆ ವೇಳಾಪಟ್ಟಿ ಕೊಟ್ಟು, "ಕಾರಲ್ಲಿ ಹೋದರೆ ನಿನಗೆ ಈ ಊರು ಅರ್ಥ ಆಗಲ್ಲ" ಅಂದಿದ್ದರು. ನಾನು ಆಗ ಸುಮ್ನೆ ನಕ್ಕಿದ್ದೆ.

2004ರ ಫೆಬ್ರವರಿ. ಇಲ್ಲಿನವರು ವೈಟ್ ಜುವಾನ್ ಅನ್ನುವ ಹಿಮಪಾತ. ಒಂದು ದಿನದಲ್ಲಿ 90 ಸೆಂಟಿಮೀಟರ್ ಆಸುಪಾಸು ಹಿಮ ಬಿತ್ತು. ತುರ್ತು ಪರಿಸ್ಥಿತಿ, ರಾತ್ರಿ ಕರ್ಫ್ಯೂ. ವಿಮಾನ ಇಲ್ಲ. ನಮ್ಮವರು ಟೊರಾಂಟೋದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗ. ರಾತ್ರಿ ಒಂಬತ್ತೂವರೆಗೆ ಫೋನ್. ತಮ್ಮ. "ಅಕ್ಕಾ, ಅಪ್ಪಯ್ಯ ಹೋದ್ರು."

ಆಮೇಲೆ ನಾನು ಏನು ಮಾಡಿದೆ ಅಂತ ಸರಿಯಾಗಿ ನೆನಪಿಲ್ಲ. ಬಾಗಿಲು ತೆಗೆದು ಹೊರಗೆ ಹೋಗಲು ನೋಡಿದೆ, ಅಷ್ಟು ನೆನಪಿದೆ. ಎಲ್ಲಿಗೆ ಹೋಗುತ್ತಿದ್ದೆನೋ. ಸೊಂಟದವರೆಗೆ ಹಿಮ. ಮೆಟ್ಟಿಲು ಕಾಣಿಸುತ್ತಿರಲಿಲ್ಲ. ನನ್ನ ಕೂಗು ತಾಂಡೇಲರಿಗೆ ಕೇಳಿಸಿರಬೇಕು. ಕರ್ಫ್ಯೂ ಲೆಕ್ಕಿಸದೆ, ಸಲಿಕೆಯಲ್ಲಿ ದಾರಿ ಬಗೆದುಕೊಂಡು ಬಂದರು. ಎರಡು ಮನೆ ದಾಟಲು ಅರ್ಧ ಗಂಟೆ ಹಿಡಿಯಿತು.

ಅವರು ಸಮಾಧಾನದ ಮಾತು ಆಡಲಿಲ್ಲ. ಬೂಟು ಬಿಚ್ಚಿದರು, ಮಗನ ಕಾಲಿಗೆ ಕಂಬಳಿ ಹೊದಿಸಿದರು, ಚಹಾ ಮಾಡಿದರು. (ಅಷ್ಟು ಕೆಟ್ಟ ಚಹಾ ನಾನು ಮತ್ತೆಲ್ಲೂ ಕುಡಿದಿಲ್ಲ. ಮೂರು ಲೋಟ ಕುಡಿದೆ.) ಊರಲ್ಲಿ ಮಧ್ಯಾಹ್ನದೊಳಗೆ ಕಾರ್ಯ ಮುಗಿಸುತ್ತಾರೆ, ಅಂದರೆ ಇಲ್ಲಿನ ರಾತ್ರಿ ಮೂರು ಗಂಟೆಯ ಹೊತ್ತಿಗೆ, ಅಂತ ಹೇಳಿದೆ. "ಹಾಗಾದರೆ ಮೂರರವರೆಗೆ ಎಚ್ಚರ ಇರೋಣ" ಅಂದರು. ಆಮೇಲೆ ಅಪ್ಪಯ್ಯನ ಬಗ್ಗೆ ಕೇಳಿದರು. ಏನು ಕೆಲಸ? ಕುಂದಾಪುರದ ಅಂಗಡಿಯಲ್ಲಿ ಗುಮಾಸ್ತ. ಹೇಗೆ ಹೋಗುತ್ತಿದ್ದರು? ದೋಣಿಯಲ್ಲಿ. ದೋಣಿ ಅಂದ ಕೂಡಲೇ ಕುರ್ಚಿ ಮುಂದೆ ಎಳೆದುಕೊಂಡರು. ಎಂಜಿನ್ ಇತ್ತಾ? ಎಷ್ಟು ಜನ ಹಿಡಿಸುತ್ತಿತ್ತು? ಗಾಳಿ ಯಾವ ಕಡೆಯಿಂದ? ಮರಳದಿಬ್ಬ ಎಲ್ಲಿ?

ಬಾಯಲ್ಲಿ ಹೇಳಿದರೆ ಆಗುವುದಿಲ್ಲ ಅಂತ, ಕಚೇರಿಯಿಂದ ತಂದಿದ್ದ ಒಂದು ನಕ್ಷೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಐದು ಹೊಳೆ ಸೇರುವ ಅಳಿವೆ, ಈ ಕಡೆ ಗಂಗೊಳ್ಳಿ, ಆ ಕಡೆ ಕುಂದಾಪುರ. ಕಣ್ಣಿಗೆ ಕಾಣುವಷ್ಟು ಹತ್ತಿರ, ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಸಮುದ್ರದ ನೀರು ಏರಿ ಭರತ ಇದ್ದಾಗ ದೋಣಿ ಎಲ್ಲಿ ತಿರುಗುತ್ತಿತ್ತು, ಅಪ್ಪಯ್ಯ ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲಿ ಇಳಿಯುತ್ತಿದ್ದರು, ಎಲ್ಲ ಬರೆದೆ. ಮೂರು ಗಂಟೆ ಕಳೆದು ತಮ್ಮ ಮತ್ತೆ ಫೋನ್ ಮಾಡಿದ. ಬೆಂಕಿ ಕೊಟ್ಟಾಯ್ತು ಅಂದ.

ಬೆಳಕು ಹರಿಯುವ ಮುಂಚೆ ತಾಂಡೇಲರು ಆ ಕಾಗದ ತಿರುಗಿಸಿ ಮುಂದಿನ ಬದಿ ನೋಡಿದರು. ಮತ್ತೆ ಹಿಂಬದಿ ನೋಡಿದರು. "ನಿನ್ನ ಊರು ಬರೆಯುವಾಗ ನೀರು ಮೊದಲು ಬರೆದೆ. ನನ್ನ ಊರಿನ ನೀರಿನ ಮೇಲೆ ಈ ಡಬ್ಬಿ ಯಾಕೆ ಇಟ್ಟಿದ್ದೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಕಚೇರಿಗೆ ಹೋಗಿ ಲೆಜೆಂಡ್ ಪೆಟ್ಟಿಗೆಯನ್ನು ಕಾಡಿನ ಕಡೆಗೆ ಎಳೆದು ಹಾಕಿದೆ. ಆ ಜಾಗದಲ್ಲಿ ಕಂಡಿದ್ದನ್ನು ಒಂದೊಂದಾಗಿ ತುಂಬಿದೆ. ಫೆರಿ ದಾರಿ, ಎರಡು ಕಂಟೇನರ್ ಟರ್ಮಿನಲ್, ನೌಕಾಪಡೆಯ ಧಕ್ಕೆ, ಕೊಳಚೆ ಬೀಳುವ ಬಾಯಿಗಳು. 2003ರ ಜುವಾನ್ ಚಂಡಮಾರುತದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಅಂತ ತಾಂಡೇಲರೇ ಧಕ್ಕೆಗೆ ಕರೆದುಕೊಂಡು ಹೋಗಿ ತೋರಿಸಿದರು. 25 ವರ್ಷ ಮುಂದೆ ನೋಡುವ ಮೊದಲ ಪ್ರಾದೇಶಿಕ ಯೋಜನೆ 2006ರಲ್ಲಿ ಒಪ್ಪಿಗೆ ಪಡೆಯಿತು. ಅದರಲ್ಲಿ ನನ್ನದು ಸಣ್ಣ ಪಾಲು. ಆ ಸಣ್ಣ ಪಾಲಿನಲ್ಲಿ ಅವರದು ದೊಡ್ಡದು. ಅವರ ಹೆಸರು ಯಾವ ಪುಟದಲ್ಲೂ ಇಲ್ಲ.

ಅವರು ಬೈದದ್ದೂ ಉಂಟು. ಸುಮಾರು 250 ವರ್ಷ ಊರಿನ ಕೊಳಚೆ ನೇರ ಬಂದರಿಗೆ ಬೀಳುತ್ತಿತ್ತು. ಶುದ್ಧೀಕರಣ ಘಟಕ ಬಂದು 2008ರ ಆಗಸ್ಟ್‌ನಲ್ಲಿ ಈಜಲು ಬಿಟ್ಟಾಗ, ಎಪ್ಪತ್ತರ ಹತ್ತಿರದ ಈ ಮನುಷ್ಯ ಬ್ಲ್ಯಾಕ್ ರಾಕ್ ಬೀಚಿನಲ್ಲಿ ಮುಳುಗು ಹಾಕಿ ಬಂದರು. ಐದು ತಿಂಗಳಿಗೆ ಹ್ಯಾಲಿಫ್ಯಾಕ್ಸ್ ಘಟಕಕ್ಕೆ ನೀರು ನುಗ್ಗಿ ಕೆಟ್ಟು ನಿಂತಿತು, ಕೊಳಚೆ ಮತ್ತೆ ಬಂದರಿಗೆ. ಅದಕ್ಕೂ ನನಗೂ ಸಂಬಂಧ ಇಲ್ಲ ಅಂದರೆ ಕೇಳಬೇಕಲ್ಲ!

ಉಳಿದವರು ಬೇಸರ ಮಾಡಿಕೊಳ್ಳಬೇಡಿ. ನಕ್ಷೆ ಕೋಣೆಯ ಗೆಳತಿಯರು, ಬಸ್ಸಿನ ಲೆಕ್ಕ ಕೊಟ್ಟ ಡ್ರೈವರ್‌ಗಳು, ಹಿಮದಲ್ಲೂ ಸಭೆಗೆ ಬಂದು ಬೈದುಹೋದ ಊರವರು, ಹುಳಿ ಪುಡಿ ಕಳಿಸಿದ ಕನ್ನಡದ ಮನೆಗಳು, ಎಲ್ಲರಿಗೂ ವಂದನೆ. ನಮ್ಮವರಿಗೂ ಇದೇ ವಾಕ್ಯದಲ್ಲಿ ಪಾಲು, ಉಳಿದದ್ದು ಮನೆಯಲ್ಲಿ.

ಒಬ್ಬ ಅಮ್ಮನನ್ನು ಮಾತ್ರ ಈ ಸಾಲಿಗೆ ಸೇರಿಸಲಾರೆ. ಆಫ್ರಿಕ್‌ವಿಲ್‌ನಲ್ಲಿ ಹುಟ್ಟಿದವರು. 1960ರ ದಶಕದಲ್ಲಿ ಆ ಕರಿಯರ ಊರನ್ನೇ ಕೆಡವಿದರು. ಎರಡನೇ ಸೇತುವೆಗೆ ಹೋಗುವ ದಾರಿ ಈಗ ಅಲ್ಲೇ ಇದೆ. ನಗರಸಭೆ ಕ್ಷಮೆ ಕೇಳಿದ್ದು 2010ರಲ್ಲಿ. ಅದಕ್ಕೂ ಮುಂಚಿನ ಒಂದು ಸಭೆಯಲ್ಲಿ ನನ್ನ ನಕ್ಷೆಯ ಮೇಲೆ ಬೆರಳಿಟ್ಟು ಆ ಅಮ್ಮ ಕೇಳಿದ್ದು ಒಂದೇ: "ಈ ಗೆರೆ ಎಳೆಯುವ ಮುಂಚೆ ಅಲ್ಲಿ ಯಾರಿದ್ದಾರೆ ಅಂತ ಹೋಗಿ ನೋಡಿದ್ದೀಯಾ?" ನೋಡಿರಲಿಲ್ಲ. ಮಾರನೆಯ ದಿನ ಹೋದೆ. ಆಮೇಲೆ ಹೋಗದೆ ಎಳೆದ ಗೆರೆ ಇಲ್ಲ.

ಆಗದೆ ಉಳಿದದ್ದೂ ಬೇಕಾದಷ್ಟಿದೆ. ದಕ್ಷಿಣ ತುದಿಯ ಟರ್ಮಿನಲ್‌ನಿಂದ ಕಂಟೇನರ್ ಲಾರಿಗಳು ಪೇಟೆ ಮಧ್ಯದಲ್ಲೇ ಹಾಯುವುದನ್ನು ತಪ್ಪಿಸಬೇಕಿತ್ತು, ನನ್ನ ಕಾಲದಲ್ಲಿ ಆಗಲಿಲ್ಲ. 2020ರ ತೀರ್ಮಾನದಲ್ಲಿ ಮೂರು ಹೊಸ ಫೆರಿ ದಾರಿಗಳಿದ್ದವು. ಬೆಡ್‌ಫರ್ಡ್‌ನ ಮಿಲ್ ಕೋವ್‌ನದು ಹೊರಡುವುದನ್ನು ಇನ್ನು ಪ್ರಯಾಣಿಕಳಾಗಿಯೇ ಕಾಯಬೇಕು.

ತಾಂಡೇಲರಿಗೆ ಈಗ ಎಂಬತ್ತು ದಾಟಿದೆ. ಕನ್ನಡ ಬಾರದು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಡಾರ್ಟ್‌ಮತ್‌ನ ಆಲ್ಡರ್ನಿ ಧಕ್ಕೆಯಿಂದ ಇಬ್ಬರೂ ಫೆರಿ ಹತ್ತುತ್ತೇವೆ. ಆಚೆ ದಡ ಮುಟ್ಟಲು ಹನ್ನೆರಡು ನಿಮಿಷ, ಅಷ್ಟರಲ್ಲಿ ಇದನ್ನು ಅವರಿಗೆ ಓದಿ ಹೇಳಬೇಕು. ಊರಲ್ಲಿರುವವರು ಬನ್ನಿ, ಟಿಕೆಟ್ ನನ್ನದು. ಎರಡು ಮನೆ ದಾಟಲು ಅರ್ಧ ಗಂಟೆ ಅಂತ ಬರೆದಿದ್ದೇನಲ್ಲ, ಇಪ್ಪತ್ತೇ ನಿಮಿಷ ಅಂತ ಅವರು ಜಗಳ ತೆಗೆಯುವುದು ಖಂಡಿತ.