ಅಟ್ಟದ ಮೇಲಿನ ಕಡತಗಳ ಬಗ್ಗೆ ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ನಮಸ್ಕಾರಗಳು.

ಎರಡು ವರ್ಷದ ಹಿಂದೆ ತುಮಕೂರು ಜಿಲ್ಲೆಯ ನಮ್ಮ ಹಳೆಯ ಮನೆಯ ಅಟ್ಟ ಇಳಿಸುವಾಗ ನನ್ನ ತಾತನ ತಾತ ಬರೆದಿಟ್ಟ ಕಡತವೊಂದು ಸಿಕ್ಕಿತು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಆತುರದಲ್ಲಿ ಅಂಗೈಯಿಂದ ಧೂಳು ಒರೆಸಿದೆ. ಧೂಳಿನ ಜೊತೆ ಎರಡು ಸಾಲು ಅಕ್ಷರವೂ ಕೈಗೆ ಬಂದವು. ಅಲ್ಲಿ ಏನಿತ್ತೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ಕೂಲಿಮಠದಲ್ಲಿ ನಾಲ್ಕಕ್ಷರ ಕಲಿತಿದ್ದ ರೈತ ಆತ. ಅಕ್ಷರಕ್ಕೆ ಅಕ್ಷರ ಹೆಣೆದು ಬರೆಯುವ ಮೋಡಿ ಬರಹ; ಕಾಳಿನ ಅಳತೆಯಾದ ಕೊಳಗಕ್ಕೊಂದು ಗುರುತು, ಹದಿನಾರರಲ್ಲಿ ಒಂದು ಪಾಲಾದ ವೀಸಕ್ಕೊಂದು ಗೆರೆ. ಕೂಡಿಸಿಕೊಂಡು ಓದಿ ನೋಟ್‌ಬುಕ್ಕಿಗೆ ಇಳಿಸಲು ನನಗೆ ಒಂದು ವರ್ಷ ಹಿಡಿಯಿತು. ಬಿತ್ತನೆ, ಮದುವೆಯ ಮುಯ್ಯಿ, ಕಮ್ಮಾರನಿಗೆ ಕೊಟ್ಟ ಕಾಳು ಎಲ್ಲ ಅದರಲ್ಲಿವೆ. ದೊಡ್ಡ ಬರಗಾಲ ಶುರುವಾದ ಧಾತು ಸಂವತ್ಸರಕ್ಕೆ, ಅಂದರೆ 1876ಕ್ಕೆ, ಬಂದಾಗ ಸಾಲುಗಳು ಗಿಡ್ಡವಾಗುತ್ತವೆ. ಮಳೆ ನಕ್ಷತ್ರಗಳ ಹೆಸರು ಹಿಡಿದು ಬರೆದಿದ್ದಾನೆ: ‘ಹುಬ್ಬೆ ಇಲ್ಲ. ಉತ್ತರೆ ಇಲ್ಲ. ಹಸ್ತ ನಾಲ್ಕು ಹನಿ.’ ಮುಂದಿನ ಮಡಿಕೆಯಲ್ಲಿ ಜೋಡಿ ಎತ್ತು ಹೋಗಿ ಮೂರು ಕೊಳಗ ರಾಗಿ ಬಂದಿದೆ. ಜೀತದ ಹುಡುಗನ ಪಾಲಿನ ರಾಗಿಯನ್ನು ಪ್ರತಿ ತಿಂಗಳೂ ಬರೆಯುತ್ತಿದ್ದವನು ಮಾಘದಿಂದಾಚೆಗೆ ಬರೆದಿಲ್ಲ. ಹುಡುಗ ಊರು ಬಿಟ್ಟನೋ, ಸತ್ತನೋ, ನಮ್ಮವರೇ ಹೊರಗೆ ಹಾಕಿದರೋ? ಆ ಜಾಗವನ್ನು ನಾನು ಹತ್ತಾರು ಸಲ ತಿರುಗಿಸಿ ನೋಡಿದ್ದೇನೆ. ಹೆಮ್ಮೆಯಿಂದ ತೋರಿಸುವಂಥ ಪುಟವಲ್ಲ ಅದು.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷದ ಮೇಲಿತ್ತು. ಆ ಬರ ಕಳೆದ ಮೇಲೆ, 1881ರಲ್ಲಿ, ನಲವತ್ತೆರಡು ಲಕ್ಷವೂ ಇರಲಿಲ್ಲ. ಈ ಲೆಕ್ಕ ಸರ್ಕಾರದ ಬಳಿ ಇದೆ. ಆ ಹುಡುಗನ ಲೆಕ್ಕ ನಮ್ಮ ಅಟ್ಟದಲ್ಲಿತ್ತು.

ಕಡತವನ್ನು ಒಂದು ಕಚೇರಿಗೆ ಒಯ್ದಿದ್ದೆ. ‘ರಾಜರ ಹೆಸರೇನಾದರೂ ಇದೆಯೇ?’ ಎಂದು ಕೇಳಿದರು. ಇಲ್ಲ ಎಂದೆ. ‘ಬರೀ ಮನೆ ಲೆಕ್ಕ’ ಎಂದು ಹಿಂದಕ್ಕೆ ಕೊಟ್ಟರು, ಮಡಿಕೆ ಉಲ್ಟಾ ಮಡಚಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಅವರು ಊರೂರು ಸುತ್ತಿಸಿ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಅಚ್ಚು ಹಾಕಿಸಿದ ನಾಡು ಇದು. ಕಲ್ಲಿಗೆ ಸಿಕ್ಕ ಮರ್ಯಾದೆ ಬಟ್ಟೆಗೆ ಇನ್ನೂ ಸಿಕ್ಕಿಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ ಅಲ್ಲಿನ ಹಳ್ಳಿಗರ ಹಳೆಯ ದಿನಚರಿಗಳ ಚಿತ್ರ ತೆಗೆದು ಅಂತರ್ಜಾಲಕ್ಕೆ ಹಾಕಿದೆ; ಆಸಕ್ತರು ಮನೆಯಲ್ಲೇ ಕುಳಿತು ಓದಿ ಬೆರಳಚ್ಚು ಮಾಡಿಕೊಡುತ್ತಾರೆ.

ನಾನು ಕೇಳುವುದು ಭವನವನ್ನಲ್ಲ, ಉತ್ಸವವನ್ನಂತೂ ಅಲ್ಲವೇ ಅಲ್ಲ. ತಿಂಗಳಿಗೊಂದು ದಿನ ತಾಲ್ಲೂಕು ಗ್ರಂಥಾಲಯದಲ್ಲಿ ಒಂದು ಕ್ಯಾಮೆರಾ, ಅದನ್ನು ಬಲ್ಲ ಒಬ್ಬರು. ಚಿತ್ರ ತೆಗೆದು ಕಡತವನ್ನು ಅಲ್ಲೇ ಮನೆಯವರ ಕೈಗೆ ಕೊಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಳೆಯ ಸಾಲ, ಅಡಮಾನ, ಹೊಲದ ಚಕ್ಕುಬಂದಿ ಹೊರಗೆ ಬಂದರೆ ಎಲ್ಲಿ ವ್ಯಾಜ್ಯ ಏಳುತ್ತದೋ ಎಂದು ಜನ ಕಡತ ಬಚ್ಚಿಡುತ್ತಾರೆ. ಯಾವ ಪುಟ ಎಲ್ಲರಿಗೂ ಕಾಣಬೇಕು ಎಂಬುದನ್ನು ಮನೆಯವರೇ ಹೇಳಲಿ.

ಚಿತ್ರ ತೆಗೆದರೆ ಸಾಲದು, ಓದುವವರೂ ಬೇಕು. ಊರಿನ ಲೆಕ್ಕ ಬರೆಯುವ ಶಾನುಭೋಗಿಕೆ ರದ್ದಾದದ್ದು 1963ರಲ್ಲಿ. ಆಗ ಲೆಕ್ಕ ಬರೆಯುತ್ತಿದ್ದ ಹುಡುಗರಿಗೆ ಈಗ ಎಂಬತ್ತು ದಾಟಿದೆ. ಅವರನ್ನು ಕೂರಿಸಿಕೊಂಡು ಕಾಲೇಜಿನ ಮಕ್ಕಳಿಗೆ ಮೋಡಿ ಕಲಿಸುವ ಕೆಲಸ ಈ ವರ್ಷವೇ ಶುರುವಾಗಬೇಕು.

ನಮ್ಮ ಕಡತದ ಕೊನೆಯ ಆರು ಮಡಿಕೆ ನನಗೆ ಇನ್ನೂ ಬಿಡಿಸಲು ಬಂದಿಲ್ಲ. ಪಕ್ಕದೂರಿನಲ್ಲಿ ಒಬ್ಬ ಹಳೆಯ ಶಾನುಭೋಗರಿದ್ದಾರೆ, ಬೆಳಗಿನ ಬಿಸಿಲಿನಲ್ಲಿ ಮಾತ್ರ ಅವರಿಗೆ ಅಕ್ಷರ ಕಾಣಿಸುತ್ತದೆ. ತಮ್ಮ ಇಲಾಖೆಯಿಂದ ಯಾರಾದರೂ ಬರುವುದಾದರೆ ಹತ್ತು ಗಂಟೆಯೊಳಗೆ ಬರಲಿ.

ಇಂತು,
ಒಬ್ಬ ರೈತನ ಮೊಮ್ಮಗನ ಮೊಮ್ಮಗ