ಮುತ್ತು ಕೊಳ್ಳುವ ಮೊದಲು

ಬದಿಯಡ್ಕ

ಪ್ರೀತಿಯ ಪುಟ್ಟಿ,

ತಂಗಿಯ ಮದುವೆಗೆ ಹೈದರಾಬಾದಿನಿಂದಲೇ ಮುತ್ತಿನ ಸರ ತರುತ್ತೇನೆ ಅಂದೆಯಂತೆ. ತಾ, ಬೇಡ ಅನ್ನುವುದಿಲ್ಲ. ಆದರೆ ಚಾರ್‌ಮಿನಾರ್ ಹತ್ತಿರದ ಪತ್ಥರ್‌ಗಟ್ಟಿಗೆ ಹೋಗುವ ಮೊದಲು ಇದನ್ನೊಮ್ಮೆ ಓದು. ಆ ಊರಿಗೆ ಕಡಲೇ ಇಲ್ಲ, ಅಲ್ವಾ? ನಿಜಾಮರ ಕಾಲದಿಂದ ಅಲ್ಲಿ ಮುತ್ತಿನ ವ್ಯಾಪಾರ ಬೆಳೆಯಿತು, ಅಷ್ಟೇ. ಮಾಲು ಬರುವುದು ಹೊರಗಿನಿಂದ, ಈಗ ಜಾಸ್ತಿ ಚೀನಾದ ಸಿಹಿನೀರಿನ ಮುತ್ತು.

ಒಂದು ಭೂತಗನ್ನಡಿ ಇಟ್ಟುಕೊಂಡು ಹೋಗು. ಮೊದಲು ನೋಡಬೇಕಾದ್ದು ತೂತು. ನಕಲಿಯಾದರೆ ತೂತಿನ ಅಂಚಿನಲ್ಲಿ ಲೇಪ ಎದ್ದು ಬಂದಿರುತ್ತದೆ, ಅದರಡಿಯಲ್ಲಿ ಗಾಜೋ ಪ್ಲಾಸ್ಟಿಕ್ಕೋ ಕಾಣುತ್ತದೆ. ಆಮೇಲೆ ಎರಡು ಮುತ್ತನ್ನು ಮೆಲ್ಲ ಉಜ್ಜಿ ನೋಡು. ಅಸಲಿ ಮುತ್ತು ಚಿಪ್ಪಿನ ಜೀವಿ ಪದರದ ಮೇಲೆ ಪದರ ಕಟ್ಟಿದ್ದು, ಹಾಗಾಗಿ ನಯವಾದ ಮರಳು ತಾಗಿದಂತೆ ತರಿತರಿ ಅನಿಸುತ್ತದೆ. ಗಾಜಿನದ್ದು ಜಾರುತ್ತದೆ. ಹಲ್ಲಿಗೆ ಉಜ್ಜಿದರೂ ಇದೇ ಗೊತ್ತಾಗುತ್ತದೆ, ಅಂಗಡಿಯವರ ಮುಖ ಮಾತ್ರ ಸಪ್ಪಗಾಗಬಹುದು! ಇದೊಂದನ್ನೇ ನಂಬಬೇಡ, ಕೆಲವು ನಕಲಿಗಳ ಲೇಪವೂ ತರಿತರಿ ಇರುತ್ತದೆ. ಪ್ಲಾಸ್ಟಿಕ್ ಕೈಗೆ ಹಗುರ. ಎಲ್ಲ ಮಣಿಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದರೆ ಸಂಶಯಪಡು. ಅಸಲಿಯಲ್ಲಿ ಚಿಕ್ಕ ಕುಳಿಯೋ ಗೆರೆಯೋ ಇರುವುದು ಸಹಜ.

ಲೈಟರ್ ಹಚ್ಚಿ "ನೋಡಿ, ಏನೂ ಆಗಲಿಲ್ಲ" ಅನ್ನುವವರಿದ್ದಾರೆ. ನೀನು ಕೊಳ್ಳುವ ಸರಕ್ಕೆ ಬೆಂಕಿ ತಾಗಿಸಲು ಬಿಡಬೇಡ. ಬಿಸಿ ಮುತ್ತಿಗೆ ಆಗದು.

ಇನ್ನು ಸುಮ್ನೆ ಮೋಸ ಹೋಗುವುದು ಹೆಸರಿನಲ್ಲಿ. ಕಲ್ಚರ್ಡ್ ಅಂದರೆ ನಕಲಿ ಅಲ್ಲ. ಚಿಪ್ಪಿನೊಳಗೆ ಮನುಷ್ಯ ಬೀಜ ಇಡುತ್ತಾನೆ, ಮುತ್ತು ಕಟ್ಟುವುದು ಆ ಜೀವಿಯೇ. ಜಪಾನಿನ ಮಿಕಿಮೊಟೊ 1893ರಲ್ಲಿ ಹೀಗೆ ಅರ್ಧಗೋಳದ ಮುತ್ತು ಬೆಳೆಸಿದ. ಇಂದು ಅಂಗಡಿಯಲ್ಲಿ ಇರುವುದು ಬಹುಪಾಲು ಇಂಥದ್ದೇ, ನಿನಗೆ ಇದೇ ಸಾಕು. ಬಸ್ರಾ ಅಂದರೆ ಗಲ್ಫಿನ ಕಡಲಿನಲ್ಲಿ ಮನುಷ್ಯನ ಕೈ ತಾಗದೆ ಬೆಳೆದ ಮುತ್ತು. "ಬಸ್ರಾ ಮುತ್ತು, ತಾನಾಗಿ ಬೆಳೆದದ್ದು" ಎಂದು ಹತ್ತುಪಟ್ಟು ಬೆಲೆ ಕೇಳಿದರೆ ಲ್ಯಾಬ್ ಸರ್ಟಿಫಿಕೇಟ್ ತೋರಿಸಿ ಅನ್ನು. ಕಲ್ಚರ್ಡ್‌ನಿಂದ ಅದನ್ನು ಬೇರೆ ಮಾಡಲು ಎಕ್ಸ್-ರೇ ಬೇಕು, ಕಣ್ಣಿಗೆ ತಿಳಿಯದು. ನಮ್ಮ ಕಾಸರಗೋಡಿನಲ್ಲಿ ಗಲ್ಫಿನಿಂದ ಬಂದದ್ದೆಲ್ಲ ಬಸ್ರಾ ಎಂದು ನಂಬುವವರು ಬೇಕಷ್ಟಿದ್ದಾರೆ, ಅವರ ಮಾತು ಕೇಳಬೇಡ.

ಬಿಲ್ಲಿನಲ್ಲಿ "ಕಲ್ಚರ್ಡ್" ಎಂದೂ, ಸಿಹಿನೀರಿನದ್ದೋ ಕಡಲಿನದ್ದೋ ಎಂದೂ ಬರೆಸಿಕೋ. ರೇಷ್ಮೆ ದಾರದಲ್ಲಿ ಮುತ್ತು ಮುತ್ತಿನ ನಡುವೆ ಗಂಟು ಹಾಕಿಸು, ದಾರ ಕಡಿದರೂ ಎಲ್ಲವೂ ಚೆಲ್ಲುವುದಿಲ್ಲ. ಸೆಂಟು ಹಚ್ಚಿಕೊಂಡ ಮೇಲೆಯೇ ಸರ ಹಾಕಿಕೊಳ್ಳಬೇಕು ಎಂದು ತಂಗಿಗೂ ಹೇಳು.

ನಿನ್ನ
ದೊಡ್ಡಮ್ಮ